ಗೆಳೆಯರ ಜೊತೆ ದೋಣಿ ವಿಹಾರವೇ? ನಾಯಿಗೂ ಜಾಕೆಟ್ ಇರಲಿ, ಉಪ್ಪಿನ ಫಾರ್ವರ್ಡ್ ನಂಬಬೇಡಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯವರಿಗೆ ಎರಡು ದಿನ ರಜೆ ಸಿಕ್ಕರೆ ಕಾರವಾರ, ಗೋಕರ್ಣದ ಕಡಲು ತೀರಾ ದೂರವಲ್ಲ. ಗೆಳೆಯರೆಲ್ಲ ಸೇರಿ, ಮನೆಯ ನಾಯಿಯನ್ನೂ ಕರೆದುಕೊಂಡು, ತಾಸು ಹೊತ್ತು ಮೋಟಾರ್ ದೋಣಿಯಲ್ಲಿ ಸುತ್ತಾಡಿ ಬರುವುದು ಒಳ್ಳೆಯ ಖುಷಿಯೇ. ಆದರೆ ನೀರಿನ ಬಗ್ಗೆ ಮೊಬೈಲಿನಲ್ಲಿ ಓಡಾಡುವ ಕೆಲವು ತಪ್ಪು ಮಾತುಗಳು ಜೀವಕ್ಕೇ ಕುತ್ತು ತರಬಲ್ಲವು. ಅಂಥ ಐದು ನಂಬಿಕೆಗಳನ್ನು ಇಲ್ಲಿ ಪರಿಶೀಲಿಸೋಣ.

ನಂಬಿಕೆ 1: ಈಜು ಬರುತ್ತದೆ, ಲೈಫ್ ಜಾಕೆಟ್ ಯಾಕೆ?

ವಾಸ್ತವ: ಬಾವಿಯಲ್ಲಿ, ಕಾಲುವೆಯಲ್ಲಿ, ಮಲಪ್ರಭಾ ಹೊಳೆಯಲ್ಲಿ ಈಜು ಕಲಿತವರಿಗೆ ದಡ ಹತ್ತಿರವೇ ಇರುತ್ತದೆ. ಕಡಲಿನಲ್ಲಿ ದಡ ಕಾಣಿಸುತ್ತದೆ, ಆದರೆ ಅಲೆ ಮತ್ತು ಸೆಳೆತ ನಿಮ್ಮನ್ನು ಅಲ್ಲಿಗೆ ಹೋಗಗೊಡಬೇಕಲ್ಲ! ದೋಣಿ ಮಗುಚಿದಾಗ ಬಟ್ಟೆ ಒದ್ದೆಯಾಗಿ ಭಾರವಾಗುತ್ತದೆ, ತಲೆಗೆ ಪೆಟ್ಟು ಬೀಳಬಹುದು, ಗಾಬರಿಯಲ್ಲಿ ಪಕ್ಕದವರು ನಿಮ್ಮನ್ನೇ ಹಿಡಿದುಕೊಳ್ಳಬಹುದು. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು. ಸತ್ತವರಲ್ಲಿ ನಮ್ಮಂತೆಯೇ ಒಳನಾಡಿನಿಂದ ಹೋದವರೂ ಇದ್ದರು.

ಜಾಕೆಟ್ ಸೀಟಿನ ಕೆಳಗಿದ್ದರೆ ಇಲ್ಲದಂತೆಯೇ. ದೋಣಿ ಹತ್ತುವ ಮೊದಲೇ ಹಾಕಿಕೊಂಡು, ಎಲ್ಲ ಬಕಲ್ ಬಿಗಿದುಕೊಳ್ಳಿ. ಭುಜದ ಬಳಿ ಹಿಡಿದು ಮೇಲೆತ್ತಿದಾಗ ಅದು ಗಲ್ಲ ದಾಟಿ ಮೇಲೆ ಬಂದರೆ ಸಡಿಲವಾಗಿದೆ ಎಂದರ್ಥ.

ನಂಬಿಕೆ 2: ಸಮುದ್ರದ ಉಪ್ಪು ನೀರಿನಲ್ಲಿ ಮನುಷ್ಯ ಮುಳುಗುವುದಿಲ್ಲ

ವಾಸ್ತವ: ನೀರಿನ ಮೇಲೆ ಮಲಗಿ ಪೇಪರ್ ಓದುವವರ ಫೋಟೊ ನೀವೂ ನೋಡಿರಬಹುದು. ಅದು ಇಸ್ರೇಲ್-ಜೋರ್ಡಾನ್ ನಡುವಿನ ಮೃತ ಸಮುದ್ರ. ಅಲ್ಲಿ ಒಂದು ಲೀಟರ್ ನೀರಿನಲ್ಲಿ 300 ಗ್ರಾಂಗಿಂತ ಹೆಚ್ಚು ಲವಣವಿದೆ. ಸಾಮಾನ್ಯ ಕಡಲಿನಲ್ಲಿ ಇರುವುದು ಸುಮಾರು 35 ಗ್ರಾಂ ಮಾತ್ರ. ಹೀಗಾಗಿ ಕಡಲ ನೀರು ಸಿಹಿನೀರಿಗಿಂತ ಶೇ 2ರಿಂದ 3ರಷ್ಟು ಮಾತ್ರ ಹೆಚ್ಚು ಸಾಂದ್ರ. ತೇಲುವುದು ತುಸು ಸುಲಭವಾದೀತು, ಜೀವ ಉಳಿಸುವಷ್ಟಲ್ಲ.

ನಂಬಿಕೆ 3: ನಾಯಿಗೆ ಈಜು ಹುಟ್ಟಿನಿಂದಲೇ ಬರುತ್ತದೆ

ವಾಸ್ತವ: ನೀರಿಗೆ ಬಿದ್ದ ನಾಯಿ ಕಾಲು ಬಡಿಯುತ್ತದೆ ನಿಜ, ಆದರೆ ಎಲ್ಲ ನಾಯಿಗಳೂ ತೇಲಲಾರವು. ಚಪ್ಪಟೆ ಮೂತಿಯ ಪಗ್, ಬುಲ್‌ಡಾಗ್‌ಗಳು ಬೇಗ ಮುಳುಗುತ್ತವೆ. ನಮ್ಮ ಭಾಗದ ಹೆಮ್ಮೆಯ ಮುಧೋಳ ನಾಯಿ ಓಟದಲ್ಲಿ ಗಟ್ಟಿ. ಆದರೆ ಮೈಯಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಇಂಥ ತೆಳ್ಳಗಿನ ನಾಯಿಗಳಿಗೆ ತೇಲುವುದು ಕಷ್ಟ, ನೀರಿನಲ್ಲಿ ಚಳಿಯೂ ಬೇಗ ಹಿಡಿಯುತ್ತದೆ. ಬೆನ್ನ ಮೇಲೆ ಹಿಡಿಕೆ ಇರುವ ನಾಯಿ ಜಾಕೆಟ್ ತೊಡಿಸಿ. ಬಿದ್ದರೆ ಅದೇ ಹಿಡಿಕೆಯಿಂದ ಎತ್ತಬಹುದು.

ನಾಯಿಯ ಹಗ್ಗವನ್ನು ದೋಣಿಗೆ ಕಟ್ಟಬೇಡಿ. ದೋಣಿ ಮಗುಚಿದರೆ ನಾಯಿ ಅದರ ಜೊತೆಗೇ ಸಿಕ್ಕಿಬೀಳುತ್ತದೆ. ಕುಡಿಯಲು ಸಿಹಿನೀರು, ಒಂದು ಬಟ್ಟಲು ಒಯ್ಯಿರಿ. ಬಾಯಾರಿದ ನಾಯಿ ಕಡಲ ನೀರು ಕುಡಿದರೆ ವಾಂತಿ, ಭೇದಿ ಆಗುತ್ತದೆ, ಹೆಚ್ಚಾದರೆ ನಡುಕ, ಫಿಟ್ಸ್ ಕೂಡ ಬರಬಹುದು. ನಾಯಿ ನೀರಿಗೆ ಬಿತ್ತೆಂದು ನೀವೂ ಹಾರಬೇಡಿ. ಮೊದಲು ಎಂಜಿನ್ ನಿಲ್ಲಿಸಲು ಹೇಳಿ, ಯಾಕೆಂದರೆ ತಿರುಗುವ ಪ್ರೊಪೆಲ್ಲರ್ ನೀರಿಗಿಂತ ಅಪಾಯ.

ನಂಬಿಕೆ 4: ಮುಳುಗುವವರು ಕೈ ಬೀಸಿ ಕೂಗುತ್ತಾರೆ

ವಾಸ್ತವ: ಬಹಳ ಸಲ ಕೂಗುವುದಿಲ್ಲ. ಬಾಯಿ ನೀರಿನ ಮೇಲೆ ಬಂದ ಕ್ಷಣದಲ್ಲಿ ಉಸಿರೆಳೆಯಲೇ ಸಮಯ ಸಾಲದು, ಇನ್ನು ಕೂಗುವುದೆಲ್ಲಿ? ತಲೆ ಹಿಂದಕ್ಕೆ ವಾಲಿದ್ದರೆ, ಬಾಯಿ ನೀರಿನ ಮಟ್ಟದಲ್ಲೇ ಇದ್ದರೆ, ಕರೆದರೂ ಉತ್ತರ ಬಾರದಿದ್ದರೆ ಅದು ತಮಾಷೆಯಲ್ಲ. ಕೂಡಲೇ ತೇಲುವ ಟ್ಯೂಬ್, ಹಗ್ಗ, ಖಾಲಿ ಕ್ಯಾನ್, ಕೈಗೆ ಸಿಕ್ಕಿದ್ದನ್ನು ಎಸೆಯಿರಿ.

ನಂಬಿಕೆ 5: ಮುಳುಗಿ ಸತ್ತವರನ್ನು ಉಪ್ಪಿನ ರಾಶಿಯಲ್ಲಿಟ್ಟರೆ ಬದುಕುತ್ತಾರೆ

ವಾಸ್ತವ: ಇದು ಸಂಪೂರ್ಣ ಸುಳ್ಳು. ಆದರೂ ಈ ಸಂದೇಶ ಮತ್ತೆ ಮತ್ತೆ ಬರುತ್ತಲೇ ಇದೆ. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, 2023ರ ಡಿಸೆಂಬರಿನಲ್ಲಿ ಹಾವೇರಿ ಜಿಲ್ಲೆಯಲ್ಲಿ, ನೀರಿನಲ್ಲಿ ಮುಳುಗಿದ ಮಕ್ಕಳ ದೇಹವನ್ನು ಹೆತ್ತವರು ಗಂಟೆಗಟ್ಟಲೆ ಉಪ್ಪಿನಲ್ಲಿಟ್ಟು ಕಾದರು. ಮಕ್ಕಳು ಏಳಲಿಲ್ಲ. ಅವರ ದುಃಖವನ್ನು ಯಾರೂ ಹೀಗಳೆಯಬಾರದು. ತಪ್ಪು ಆ ಸಂದೇಶದ್ದು.

ಮುಳುಗಿದಾಗ ಪ್ರಾಣ ಹೋಗುವುದು ದೇಹದಲ್ಲಿ ನೀರು ತುಂಬಿದ್ದರಿಂದಲ್ಲ, ಮಿದುಳಿಗೆ ಆಮ್ಲಜನಕ ನಿಂತಿದ್ದರಿಂದ. ಚರ್ಮದ ಮೇಲಿನ ಉಪ್ಪು ಶ್ವಾಸಕೋಶದ ನೀರನ್ನು ಹೀರುವುದಿಲ್ಲ, ಆಮ್ಲಜನಕವನ್ನೂ ಕೊಡುವುದಿಲ್ಲ. ಉಸಿರು ನಿಂತ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಹಾನಿ ಶುರುವಾಗುತ್ತದೆ. ಉಪ್ಪು ಹುಡುಕುವ ಹೊತ್ತಿಗೆ ಉಳಿಸಬಹುದಾಗಿದ್ದ ಜೀವವೂ ಹೋಗಿರುತ್ತದೆ.

ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗಾಗಿ ಹಿಡಿದು ತಿರುಗಿಸುವುದು ಕೂಡ ತಪ್ಪು. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸನಾಳ ಸೇರಬಹುದು. ಉಸಿರಾಟ ಇಲ್ಲವೆಂದರೆ ಅಂಗಾತ ಮಲಗಿಸಿ, ಗಲ್ಲ ಮೇಲೆತ್ತಿ, ಮೂಗು ಮುಚ್ಚಿ, ಬಾಯಿಯಿಂದ ಬಾಯಿಗೆ ಉಸಿರು ಕೊಡಿ. ನಂತರ ಎದೆಯ ನಡುವೆ 30 ಸಲ ಗಟ್ಟಿಯಾಗಿ, ವೇಗವಾಗಿ ಒತ್ತಿ, ಮತ್ತೆ 2 ಉಸಿರು. ಉಸಿರು ಕೊಡಲು ಬಾರದಿದ್ದರೆ ಎದೆಯನ್ನಾದರೂ ಒತ್ತುತ್ತಿರಿ. ಇನ್ನೊಬ್ಬರು ಅಷ್ಟರಲ್ಲಿ ಸಹಾಯಕ್ಕೆ ಕರೆ ಮಾಡಲಿ. ಎಚ್ಚರವಾದರೂ ಆಸ್ಪತ್ರೆಗೆ ಹೋಗಲೇಬೇಕು. ಉಸಿರಾಟದ ತೊಂದರೆ ಕೆಲ ಗಂಟೆಗಳ ನಂತರವೂ ಬರಬಹುದು.

ಹೊರಡುವ ಮುನ್ನ ನೆನಪಿಡಿ

• ಎಷ್ಟು ಜನರಿಗೆ ಅನುಮತಿ ಇದೆ ಎಂದು ಕೇಳಿ. ಹೆಚ್ಚು ಜನ ಹತ್ತಿದರೆ ನೀವು ಇಳಿಯಿರಿ.
• ಸೆಲ್ಫಿಗಾಗಿ ಎಲ್ಲರೂ ಒಂದೇ ಬದಿಗೆ ಹೋಗಬೇಡಿ, ಎದ್ದು ನಿಲ್ಲಬೇಡಿ. ದೋಣಿಯ ಸಮತೋಲನ ತಪ್ಪುತ್ತದೆ.
• ಮದ್ಯಪಾನ ಬೇಡ, ವಿಹಾರ ಮುಗಿಯುವವರೆಗೂ.
• ಮಳೆಗಾಲದ ಕಡಲಿಗೆ ಇಳಿಯಬೇಡಿ. ಯಾಂತ್ರಿಕ ಮೀನುಗಾರಿಕೆಗೇ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುತ್ತದೆ.
• ವಾಂತಿಯಾಗುವ ಸ್ವಭಾವದ ನಾಯಿಗೆ ಮನುಷ್ಯರ ಮಾತ್ರೆ ಕೊಡಬೇಡಿ, ಪಶುವೈದ್ಯರನ್ನು ಕೇಳಿ.
• ತುರ್ತು ಸಂಖ್ಯೆಗಳು: 112, ಕರಾವಳಿ ಕಾವಲು ಪೊಲೀಸ್ 1093, ಭಾರತೀಯ ಕೋಸ್ಟ್ ಗಾರ್ಡ್ 1554.

ಸವದತ್ತಿಯ ನವಿಲುತೀರ್ಥದ ಹಿನ್ನೀರೇ ಇರಲಿ, ಕಾರವಾರದ ಕಡಲೇ ಇರಲಿ, ಈ ನಿಯಮಗಳು ಬದಲಾಗುವುದಿಲ್ಲ. ಉಪ್ಪಿನ ಸಂದೇಶ ಇನ್ನೊಮ್ಮೆ ನಿಮ್ಮ ಗುಂಪಿಗೆ ಬಂದರೆ ಸುಮ್ಮನೆ ಅಳಿಸಿಬಿಡಬೇಡಿ. ಅದು ಯಾಕೆ ಸುಳ್ಳು ಎಂದು ಅಲ್ಲೇ ಬರೆಯಿರಿ. ಆ ಗುಂಪಿನಲ್ಲಿ ಯಾರಿಗಾದರೂ ನಾಳೆ ಅದು ಬೇಕಾದೀತು.