ಪೋಳದ ಜಗಲಿಯಲ್ಲಿ ಕವಿ ದಲಪತರಾಮ

ಸುಲ್ತಾನ ಅಹ್ಮದ್ ಷಾ 1411ರಲ್ಲಿ ಸಾಬರಮತಿಯ ಪೂರ್ವದಂಡೆಯಲ್ಲಿ ಸ್ಥಾಪಿಸಿದ ಅಹ್ಮದಾಬಾದು ಪೋಳಗಳ ನಗರ. ‘ಪೋಳ’ವು ಸಂಸ್ಕೃತದ ‘ಪ್ರತೋಲಿ’ಯಿಂದ ಬಂದ ಪದ, ಹೆಬ್ಬಾಗಿಲೆಂದು ಅದರ ಅರ್ಥ. ಒಂದೇ ಬಾಗಿಲೊಳಗೆ ಒಂದೇ ಮತದ ಅಥವಾ ಕಸುಬಿನ ಕುಟುಂಬಗಳು ಕೂಡಿ ಬಾಳಿದ ಕೇರಿಗೆ ಆ ಹೆಸರು ನಿಂತಿತು. ಕೆತ್ತನೆಯ ಮರದ ಮನೆಗಳು, ಅಂಗಳದಡಿ ಮಳೆನೀರು ಹಿಡಿದಿಡುವ ಟಾಂಕಾ, ಹಕ್ಕಿಗಳಿಗೆ ಕಾಳು ಹಾಕುವ ಚಬೂತರೊ, ಮನೆಗಳ ಸಾಲಿನಲ್ಲಿಯೇ ಬೆರೆತುಹೋದ ಜಿನಾಲಯ ಇವೆಲ್ಲ ಪೋಳದ ಅಂಗಗಳು.

ಇಪ್ಪತ್ತನೆಯ ಶತಮಾನದಲ್ಲಿ ಅನುಕೂಲಸ್ಥರು ನದಿಯ ಪಶ್ಚಿಮಕ್ಕೆ ತೆರಳಿದಂತೆ ಹಲವು ಮನೆಗಳಿಗೆ ಬೀಗ ಬಿತ್ತು, ಕೆಲವು ಗೋದಾಮುಗಳಾದವು. 1997ರಲ್ಲಿ ಆರಂಭವಾದ ಪಾರಂಪರಿಕ ನಡಿಗೆಯು ಈ ಕೇರಿಗಳತ್ತ ಜನರ ಗಮನವನ್ನು ಮತ್ತೆ ಸೆಳೆಯಿತು. ಕಾಲೂಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಡುವ ಅದು 1424ರ ಜಾಮಾ ಮಸೀದಿಯಲ್ಲಿ ಮುಗಿಯುತ್ತದೆ.

ಆ ದಾರಿಯಲ್ಲಿಯೇ ಲಾಂಬೇಶ್ವರ ಪೋಳವಿದೆ. ಫಾರ್ಬ್ಸ್‌ನ ‘ರಾಸಮಾಲಾ’ ಗ್ರಂಥಕ್ಕೆ ಸಾಮಗ್ರಿ ಕೂಡಿಸಲು ನೆರವಾದ ಗುಜರಾತಿ ಕವಿ ದಲಪತರಾಮ (1820–1898) ವಾಸಿಸಿದ್ದು ಇಲ್ಲಿ. ಅವನ ಮನೆಯ ಮುಂಭಾಗವನ್ನು ಮರಳಿ ಕಟ್ಟಿ, ಜಗಲಿಯ ಮೇಲೆ ಕವಿಯ ಲೋಹಪ್ರತಿಮೆಯನ್ನು ಕೂರಿಸಲಾಗಿದೆ. ಸ್ಮಾರಕವೆಂಬ ಬಿಗುಮಾನ ಅದಕ್ಕಿಲ್ಲ. ನೆರೆಮನೆಯ ಹಿರಿಯನೊಬ್ಬ ಹೊರಬಂದು ಕುಳಿತಂತಿದೆ.

2017ರಲ್ಲಿ ಈ ಹಳೆಯ ನಗರವು ಭಾರತದ ಮೊದಲ ವಿಶ್ವ ಪಾರಂಪರಿಕ ನಗರವೆನಿಸಿತು. ಆದರೆ ಕೆತ್ತನೆಯ ಕಂಬವನ್ನು ದುರಸ್ತಿ ಮಾಡಿದಷ್ಟಕ್ಕೆ ಪೋಳ ಉಳಿಯದು. ಚಬೂತರೊಕ್ಕೆ ಕಾಳು ಹಾಕುವ, ಜಿನಾಲಯದಲ್ಲಿ ನಿತ್ಯಪೂಜೆ ನಡೆಸುವ ಮನೆಮಂದಿ ಅಲ್ಲಿಯೇ ಬಾಳುವವರೆಗೆ ಮಾತ್ರ ಅದು ಕೇರಿ. ಅವರು ತೆರಳಿದ ಮೇಲೆ ಬರಿಯ ಹೆಬ್ಬಾಗಿಲು.