ರಸ್ತೆಯನ್ನು ಅಳೆದವರು: ಮ್ಯಾರಥಾನ್ ದೂರದ ಚರಿತ್ರೆ

1920ರ ಆಗಸ್ಟ್ 22ರಂದು ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ನಡೆದ ಒಲಿಂಪಿಕ್ ಮ್ಯಾರಥಾನ್‌ನ ಫಲಿತಾಂಶ ಪಟ್ಟಿಯಲ್ಲಿ ಹತ್ತೊಂಬತ್ತನೆಯ ಹೆಸರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರದು. ಹೆಸರಿನ ಮುಂದೆ ನಮೂದಾದ ಕಾಲ 2 ಗಂಟೆ 50 ನಿಮಿಷ 45.4 ಸೆಕೆಂಡು. ನಮ್ಮಲ್ಲಿ ಈ ಅಂಕಿಯನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತಾರೆ: ಭಾರತದಿಂದ ಹೋದವರು, ಹತ್ತೊಂಬತ್ತನೆಯವರಾಗಿ ಬಂದರು, ಅಷ್ಟೆ. ಆದರೆ ಅವರು ಎಷ್ಟು ದೂರ ಓಡಿದರು? 42.195 ಕಿಲೋಮೀಟರ್ ಎಂಬ ಉತ್ತರ ಇವತ್ತು ಯಾರ ಬಾಯಿಗಾದರೂ ಬರುತ್ತದೆ, ಆ ದಿನದ ಮಟ್ಟಿಗೆ ಅದು ತಪ್ಪು. ಆಂಟ್ವರ್ಪ್‌ನ ದಾರಿ 42.75 ಕಿಲೋಮೀಟರ್ ಇತ್ತು. ಒಲಿಂಪಿಕ್ ಇತಿಹಾಸದ ಅತಿ ಉದ್ದದ ಮ್ಯಾರಥಾನ್ ಅದು. ಚೌಗುಲೆ ಅವರು ಓಡಿದ ವೇಗದಲ್ಲಿ ಆ ಹೆಚ್ಚುವರಿ 555 ಮೀಟರಿಗೆ ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚೇ ಬೇಕು. ಇಂದಿನ ಅಳತೆಗೆ ತಂದರೆ ಅವರ ಕಾಲ ಸುಮಾರು 2 ಗಂಟೆ 48 ನಿಮಿಷ 32 ಸೆಕೆಂಡಿಗೆ ಇಳಿಯುತ್ತದೆ.

ಓಟಗಾರರ ಚರಿತ್ರೆಯನ್ನು ಬರೆದವರು ಬಹಳ ಮಂದಿ ಇದ್ದಾರೆ. ಅವರ ಕಾಲಿನಡಿಯ ರಸ್ತೆಗೂ ಒಂದು ಚರಿತ್ರೆ ಇದೆ. ಗಡಿಯಾರ ಎಷ್ಟೇ ನಿಖರವಾಗಿರಲಿ, ದೂರ ಗೊತ್ತಿಲ್ಲದ ಓಟದ ಕಾಲಕ್ಕೆ ಆ ದಿನದ ಸೋಲು ಗೆಲುವಿನ ಆಚೆ ಬೆಲೆ ಇಲ್ಲ. ಮ್ಯಾರಥಾನ್ ದಾಖಲೆ ಎನ್ನುವುದು ಕಾಲಿನ ಬಗ್ಗೆ ಹೇಳುವಷ್ಟೇ ರಸ್ತೆಯ ಬಗ್ಗೆಯೂ ಹೇಳುತ್ತದೆ ಎಂಬುದು ಈ ಲೇಖನದ ವಾದ. ಆ ಎರಡನೆಯ ಮಾತನ್ನು ನಂಬಲು ಬೇಕಾದ ಸಾಧನ ಕೈಗೆ ಬಂದದ್ದು ಆಟ ಶುರುವಾಗಿ ಆರು ದಶಕ ಕಳೆದ ಮೇಲೆ.

ಚೌಗುಲೆ ಆಂಟ್ವರ್ಪ್ ತಲುಪಿದ ಕಥೆಯಲ್ಲೇ ಈ ತೊಡಕು ಇದೆ. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಸುತ್ತಲಿನ ರೈತಾಪಿ ಯುವಕರು ಬರಿಗಾಲಿನಲ್ಲಿ ದೂರದ ಓಟ ಓಡುವುದನ್ನು ದೊರಾಬ್ಜಿ ಟಾಟಾ ನೋಡಿದರು. ಅವರ ಕಾಲ ಯುರೋಪಿನವರ ಕಾಲಕ್ಕೆ ಸಮೀಪದಲ್ಲಿದೆ ಎಂದು ಅವರಿಗೆ ಅನಿಸಿತು. ಹೀಗಾಗಿ ಭಾರತದಿಂದ ಒಂದು ಪುಟ್ಟ ತಂಡ ಹಡಗು ಹತ್ತಿತು, ಖರ್ಚಿನ ದೊಡ್ಡ ಪಾಲನ್ನು ಟಾಟಾ ಅವರೇ ಹೊತ್ತರು. ತಂಡದಲ್ಲಿ ಚೌಗುಲೆ ಅವರ ಜೊತೆ ಸದಾಶಿವ ದಾತಾರ್ ಕೂಡ ಮ್ಯಾರಥಾನ್‌ಗೆ ಇದ್ದರು. ಟಾಟಾ ಅವರ ಹೋಲಿಕೆ ಒಳ್ಳೆಯ ಫಲ ಕೊಟ್ಟಿತು, ನಿಜ. ಆದರೆ ಆ ಹೋಲಿಕೆಗೆ ಆಧಾರ ಗಟ್ಟಿಯಾಗಿರಲಿಲ್ಲ. ಮ್ಯಾರಥಾನ್‌ಗೆ ಇಷ್ಟೇ ದೂರ ಎಂಬ ನಿಯಮ ಜಗತ್ತಿನಲ್ಲಿ ಎಲ್ಲಿಯೂ ಇರದ ಕಾಲದಲ್ಲಿ ಪುಣೆಯ ರಸ್ತೆಯ ಕಾಲವನ್ನು ಯುರೋಪಿನ ರಸ್ತೆಯ ಕಾಲದ ಪಕ್ಕ ಇಟ್ಟು ನೋಡಿದ್ದು ಧೈರ್ಯದ ಕೆಲಸವೇ.

ನಲವತ್ತರಿಂದ ನಲವತ್ತೆರಡಕ್ಕೆ

1896ರಲ್ಲಿ ಅಥೆನ್ಸ್‌ನ ಮೊದಲ ಮ್ಯಾರಥಾನ್ ಸುಮಾರು 40 ಕಿಲೋಮೀಟರಿನದು. ಫ್ರೆಂಚ್ ಭಾಷಾಶಾಸ್ತ್ರಜ್ಞ ಮಿಷೆಲ್ ಬ್ರೇಯಲ್ ಕೊಟ್ಟ ಸಲಹೆಯಂತೆ ಮ್ಯಾರಥಾನ್ ಎಂಬ ಊರಿನಿಂದ ಅಥೆನ್ಸ್‌ವರೆಗೆ ಓಟ ಏರ್ಪಟ್ಟಿತು, ಗ್ರೀಸಿನ ಸ್ಪಿರಿಡಾನ್ ಲೂಯಿಸ್ 2:58:50ರಲ್ಲಿ ಗೆದ್ದರು. ಮುಂದಿನ ಕೂಟಗಳಲ್ಲಿ ಆಯಾ ಊರಿನ ಸಂಘಟಕರಿಗೆ ಸರಿ ಕಂಡದ್ದೇ ದೂರ: 1900ರ ಪ್ಯಾರಿಸ್‌ನಲ್ಲಿ 40.26, 1904ರ ಸೇಂಟ್ ಲೂಯಿಯಲ್ಲಿ 40, 1906ರಲ್ಲಿ ಮತ್ತೆ ಅಥೆನ್ಸ್‌ನಲ್ಲಿ 41.86 ಕಿಲೋಮೀಟರ್. ಯಾರೂ ಇದನ್ನು ದೋಷ ಎಂದು ಭಾವಿಸಿದಂತೆ ಕಾಣುವುದಿಲ್ಲ. ಊರಿಂದ ಊರಿಗೆ ಓಡುವ ಪಂದ್ಯ, ದಾರಿ ಎಷ್ಟಿದೆಯೋ ಅಷ್ಟು.

1908ರ ಲಂಡನ್ ಇದನ್ನು ಬದಲಿಸಿತು, ಅದೂ ಉದ್ದೇಶವಿಲ್ಲದೆ. ಪಾಲಿಟೆಕ್ನಿಕ್ ಹ್ಯಾರಿಯರ್ಸ್ ಕ್ಲಬ್ಬಿನ ಕಾರ್ಯದರ್ಶಿ ಜ್ಯಾಕ್ ಆಂಡ್ರೂ ಹಾಕಿದ ದಾರಿ ವಿಂಡ್ಸರ್ ಅರಮನೆಯ ಅಂಗಳದಿಂದ ಹೊರಟು ವೈಟ್ ಸಿಟಿ ಕ್ರೀಡಾಂಗಣಕ್ಕೆ ಬರುತ್ತಿತ್ತು. ಕ್ರೀಡಾಂಗಣದವರೆಗೆ 26 ಮೈಲಿ, ಒಳಗೆ ರಾಜಮನೆತನದ ಆಸನಗಳ ಎದುರಿಗೆ ಮುಗಿಯುವಂತೆ ಇನ್ನಷ್ಟು ಗಜ. ಆ ಗಜಗಳ ಲೆಕ್ಕ ಕೂಡ ಮೊದಲಿಗೆ ಬೇರೆ ಇತ್ತು. ಪ್ರಕಟವಾದದ್ದು 586 ಗಜ 2 ಅಡಿ. ಒಳಬರುವ ಬಾಗಿಲು ಮತ್ತು ಓಡುವ ದಿಕ್ಕು ಬದಲಾದಾಗ ಅದು 385ಕ್ಕೆ ಇಳಿಯಿತು. ರಾಜಕುಮಾರರ ಮಲಗುವ ಕೋಣೆಯ ಕಿಟಕಿಯಿಂದ ಕಾಣಲೆಂದು ದೂರ ಹೆಚ್ಚಿಸಿದರು ಎಂಬ ಕಥೆ ಜನಪ್ರಿಯವಾಗಿದೆ. ಈ ಸಂಖ್ಯೆ ಹುಟ್ಟಿದ ರೀತಿಗೆ ಬಾಗಿಲಿನ ಮತ್ತು ಆಸನದ ಜಾಗವೇ ಸಾಕಷ್ಟು ಕಾರಣ ಕೊಡುತ್ತದೆ, ಕಿಟಕಿ ಬೇಕಾಗುವುದಿಲ್ಲ.

26 ಮೈಲಿ 385 ಗಜ, ಅಂದರೆ 42.195 ಕಿಲೋಮೀಟರ್. ಈ ಸಂಖ್ಯೆ ಉಳಿದುಕೊಂಡದ್ದರ ಹಿಂದೆ ಒಬ್ಬ ಸೋತವನಿದ್ದಾನೆ. ಮೊದಲಿಗನಾಗಿ ಕ್ರೀಡಾಂಗಣ ಹೊಕ್ಕ ಇಟಲಿಯ ಡೊರಾಂಡೊ ಪಿಯೆತ್ರಿ ಮತ್ತೆ ಮತ್ತೆ ಕುಸಿದುಬಿದ್ದ, ಅಧಿಕಾರಿಗಳು ಎಬ್ಬಿಸಿ ಗೆರೆ ದಾಟಿಸಿದರು, ಆ ಕಾರಣಕ್ಕೇ ಅವನನ್ನು ಅನರ್ಹಗೊಳಿಸಲಾಯಿತು. ಚಿನ್ನ ಅಮೆರಿಕದ ಜಾನಿ ಹೇಯ್ಸ್‌ಗೆ ಹೋಯಿತು, ಕಾಲ 2:55:18.4. ಇಬ್ಬರನ್ನೂ ಹಣ ಕೊಟ್ಟು ಮತ್ತೊಮ್ಮೆ ಓಡಿಸಿದರೆ ಟಿಕೇಟು ಮಾರಾಟವಾಗುತ್ತದೆ ಎಂದು ನ್ಯೂಯಾರ್ಕಿನ ಪಂದ್ಯ ವ್ಯಾಪಾರಿಗಳಿಗೆ ಹೊಳೆಯಲು ತಡವಾಗಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಒಳಾಂಗಣದಲ್ಲಿ, ಸಿಗರೇಟು ಹೊಗೆಯ ನಡುವೆ, ಇಬ್ಬರೂ ಸುತ್ತು ಹಾಕಿದರು. ಪಿಯೆತ್ರಿ ಗೆದ್ದ. ಸೇಡಿನ ಪಂದ್ಯ ಎಂದು ಕರೆಯಬೇಕಾದರೆ ದೂರ ಗಜವೂ ತಪ್ಪದೆ ಲಂಡನ್ನಿನದೇ ಆಗಿರಬೇಕಿತ್ತು. 1909ರ ಮೇನಲ್ಲಿ ಶುರುವಾದ ಪಾಲಿಟೆಕ್ನಿಕ್ ಮ್ಯಾರಥಾನ್ ಕೂಡ ಅದೇ ಸಂಖ್ಯೆಯನ್ನು ಹಿಡಿಯಿತು. ಅರಮನೆಗಿಂತ ಟಿಕೇಟು ಕಿಟಕಿಗೆ ಈ ಸಂಖ್ಯೆ ಹೆಚ್ಚು ಋಣಿ ಎಂದು ನನಗೆ ತೋರುತ್ತದೆ. ಒಲಿಂಪಿಕ್ಸ್ ಮಾತ್ರ ಅವಸರಪಡಲಿಲ್ಲ: 1912ರ ಸ್ಟಾಕ್‌ಹೋಮ್‌ನಲ್ಲಿ 40.2, ನಂತರ ಆಂಟ್ವರ್ಪ್‌ನ 42.75. ಅಂತರರಾಷ್ಟ್ರೀಯ ಅಥ್ಲೆಟಿಕ್ ಒಕ್ಕೂಟ 42.195ನ್ನು ಅಧಿಕೃತ ದೂರವಾಗಿ ಒಪ್ಪಿದ್ದು 1921ರಲ್ಲಿ, ಚೌಗುಲೆ ಓಡಿದ ಮರುವರ್ಷ. 1924ರ ಪ್ಯಾರಿಸ್‌ನಿಂದ ಅದು ಬದಲಾಗಿಲ್ಲ.

ದೂರಗಳು ಗೊತ್ತಾದ ಮೇಲೆ ಒಂದು ಲೆಕ್ಕ ಮಾಡಬಹುದು. ಒಟ್ಟು ಕಾಲವನ್ನು ದೂರದಿಂದ ಭಾಗಿಸಿದರೆ ಅಥೆನ್ಸ್‌ನ ಲೂಯಿಸ್ ಒಂದು ಕಿಲೋಮೀಟರಿಗೆ ತೆಗೆದುಕೊಂಡದ್ದು ಸುಮಾರು 4 ನಿಮಿಷ 28 ಸೆಕೆಂಡು. ಹೇಯ್ಸ್ 4 ನಿಮಿಷ 9 ಸೆಕೆಂಡು. ಬೆಳಗಾವಿಯ ಚೌಗುಲೆ ಬರೋಬ್ಬರಿ 4 ನಿಮಿಷ. ಅಂದರೆ 1908ರವರೆಗಿನ ಯಾವ ಒಲಿಂಪಿಕ್ ಮ್ಯಾರಥಾನ್ ವಿಜೇತನಿಗಿಂತಲೂ ಆ ಹತ್ತೊಂಬತ್ತನೆಯ ಸ್ಥಾನದವರ ನಡೆ ಚುರುಕಾಗಿತ್ತು. ಇದನ್ನು ಹಿಗ್ಗಿ ಹೇಳುವ ಮುನ್ನ ಎರಡು ಎಚ್ಚರಿಕೆ ಬೇಕು. ಆಂಟ್ವರ್ಪ್‌ನಲ್ಲಿ ಅಂದು ಮಳೆ, ತಂಪು. ಲಂಡನ್ನಿನ ಓಟ ಸೆಖೆಯಲ್ಲಿ ನಡೆದಿತ್ತು. ಜೊತೆಗೆ ಹನ್ನೆರಡು ವರ್ಷಗಳಲ್ಲಿ ಆಟವೇ ಮುಂದೆ ಹೋಗಿತ್ತು: ವಿಜೇತ, ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮಾಯಿನೆನ್, ಕಿಲೋಮೀಟರಿಗೆ 3 ನಿಮಿಷ 34 ಸೆಕೆಂಡಿನಂತೆ ಓಡಿ 2:32:35.8ರಲ್ಲಿ ಮುಗಿಸಿದ್ದರು. ಚೌಗುಲೆಗಿಂತ ಕೇವಲ ಎರಡು ನಿಮಿಷ ಮುಂದೆ, ಹದಿನಾರನೆಯವರಾಗಿ ಬಂದವರು ಜಪಾನಿನ ಶಿಜೊ ಕಾನಾಕುರಿ. ಸ್ಟಾಕ್‌ಹೋಮ್‌ನಲ್ಲಿ ಅರ್ಧದಲ್ಲೇ ಓಟ ಬಿಟ್ಟು, 1967ರಲ್ಲಿ ಅಲ್ಲಿಗೆ ಹಿಂತಿರುಗಿ ಅದನ್ನು ಮುಗಿಸಿ, 54 ವರ್ಷಗಳ ಕಾಲವನ್ನು ದಾಖಲಿಸಿಕೊಂಡ ಕಾನಾಕುರಿ ಇವರೇ.

ಈ ಲೆಕ್ಕವೂ ಅಂದಿನ ಅಳತೆ ಸರಿ ಎಂಬ ನಂಬಿಕೆಯ ಮೇಲೆ ನಿಂತಿದೆ. 1908ರ ದಾರಿಯನ್ನು ಶತಮಾನದ ನಂತರ ಮತ್ತೆ ಪರಿಶೀಲಿಸಿದ ಬ್ರಿಟಿಷ್ ಸಂಶೋಧಕ ಬಾಬ್ ವಿಲ್ಕಾಕ್, ಅದರ ಮೊದಲ ಮೈಲಿಯೇ ಸುಮಾರು 174 ಗಜ ಕಡಿಮೆ ಇತ್ತು ಎಂದು ತೋರಿಸಿದರು. ಜಗತ್ತಿನ ಎಲ್ಲ ಮ್ಯಾರಥಾನ್‌ಗಳಿಗೂ ಮಾದರಿಯಾದ ದಾರಿ ತಾನೇ ಮ್ಯಾರಥಾನ್‌ನಷ್ಟು ಉದ್ದವಿರಲಿಲ್ಲ.

ಸೈಕಲ್ಲಿನ ಚಕ್ರ

ದೂರ ಇಷ್ಟು ಎಂದು ಪುಸ್ತಕದಲ್ಲಿ ಬರೆಯುವುದು ಸುಲಭ, ತಿರುವು ಮುರುವುಗಳ ರಸ್ತೆಯ ಮೇಲೆ ಅದನ್ನು ಹಾಕುವುದು ಬೇರೆ ಮಾತು. ಮೋಟಾರಿನ ಮೈಲಿ ಮೀಟರು, ನಕ್ಷೆ, ಸರ್ವೆಯವರ ಚಕ್ರ, ಹೀಗೆ ಕೈಗೆ ಸಿಕ್ಕಿದ್ದರಲ್ಲಿ ಅಳೆಯುತ್ತಿದ್ದರು. ಪರಿಣಾಮ ಬಾಸ್ಟನ್‌ನಲ್ಲಿ ನಾಟಕೀಯವಾಗಿ ಬಯಲಾಯಿತು. 1953ರಲ್ಲಿ ಜಪಾನಿನ ಕೆಯಿಜೊ ಯಮಾದಾ ಅಲ್ಲಿ 2:18:51ರಲ್ಲಿ ಗೆದ್ದರು, 1956ರಲ್ಲಿ ಫಿನ್ಲೆಂಡಿನ ಆಂಟಿ ವಿಸ್ಕಾರಿ 2:14:14ರಲ್ಲಿ. ಇಷ್ಟು ಬೇಗ ಮನುಷ್ಯ ಬದಲಾಗುವುದು ಸಾಧ್ಯವೇ ಎಂಬ ಅನುಮಾನದಿಂದ ಮರು ಅಳತೆ ಮಾಡಿದಾಗ ರಸ್ತೆ ಬದಲಾಗಿತ್ತು. ರಸ್ತೆ ಕಾಮಗಾರಿಗಳು ತಿರುವುಗಳನ್ನು ನೇರ ಮಾಡುತ್ತಾ ಬಂದು 1951ರಿಂದ 1956ರವರೆಗಿನ ದಾರಿ 1,183 ಗಜ, ಅಂದರೆ ಒಂದು ಕಿಲೋಮೀಟರಿಗೂ ಹೆಚ್ಚು, ಕಡಿಮೆಯಾಗಿತ್ತು.

ಪರಿಹಾರ ಇಂಗ್ಲೆಂಡಿನಿಂದ ಬಂತು. ಅಲ್ಲಿನ ರೋಡ್ ರನ್ನರ್ಸ್ ಕ್ಲಬ್ಬಿನ ಜಾನ್ ಜುವೆಲ್ 1961ರಲ್ಲಿ ಪ್ರಕಟಿಸಿದ ಪ್ರಬಂಧ ಬೇರೆ ಬೇರೆ ವಿಧಾನಗಳನ್ನು ತೂಗಿನೋಡಿ, ಮೊದಲೇ ಪರೀಕ್ಷೆಗೆ ಒಳಪಡಿಸಿದ ಸೈಕಲ್ಲಿಗಿಂತ ಒಳ್ಳೆಯ ಸಾಧನ ಇಲ್ಲ ಎಂದಿತು. ಅದನ್ನು ಅಮೆರಿಕಕ್ಕೆ ಒಯ್ದು ಬೆಳೆಸಿದವರು ಟೆಡ್ ಕಾರ್ಬಿಟ್. ದಕ್ಷಿಣ ಕೆರೊಲಿನಾದ ಹತ್ತಿ ಹೊಲದ ಮನೆತನದಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದು, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿದ ಮೊದಲ ಆಫ್ರಿಕನ್ ಅಮೆರಿಕನ್ ಅವರು. 1964ರಲ್ಲಿ ಅವರು ಬರೆದ ರಸ್ತೆ ಅಳತೆಯ ಕೈಪಿಡಿ ಆಟಕ್ಕೆ ಅವರ ದೊಡ್ಡ ಕಾಣಿಕೆ. ಅವರ ಪದಕವಿಲ್ಲದ ಓಟಗಳಿಗಿಂತ ಈ ಕಿರುಹೊತ್ತಿಗೆಯೇ ಹೆಚ್ಚು ದೂರ ಸಾಗಿದೆ.

ವಿಧಾನದ ಸೊಗಸು ಅದರ ಸರಳತೆಯಲ್ಲಿದೆ. ನೇರವಾದ ಒಂದು ರಸ್ತೆಯ ತುಂಡನ್ನು ಉಕ್ಕಿನ ಟೇಪಿನಿಂದ ಅಳೆಯುತ್ತಾರೆ, ಲೋಹ ಹಿಗ್ಗುವುದರಿಂದ ಅಂದಿನ ಉಷ್ಣಾಂಶಕ್ಕೆ ತಕ್ಕ ತಿದ್ದುಪಡಿ ಮಾಡುತ್ತಾರೆ. ಆ ತುಂಡಿನ ಮೇಲೆ ನಾಲ್ಕು ಬಾರಿ ಸೈಕಲ್ ಓಡಿಸಿ, ಮುಂದಿನ ಚಕ್ರಕ್ಕೆ ಜೋಡಿಸಿದ ಎಣಿಕೆಯ ಯಂತ್ರ ಎಷ್ಟು ಅಂಕ ತೋರಿಸುತ್ತದೆ ಎಂದು ಬರೆದುಕೊಳ್ಳುತ್ತಾರೆ. ನಂತರ ಇಡೀ ಓಟದ ದಾರಿ. ಕೊನೆಗೆ ಮತ್ತೆ ಅದೇ ತುಂಡು, ನಾಲ್ಕು ಬಾರಿ. ಬಿಸಿಲೇರಿದಂತೆ ಟೈರಿನ ಗಾಳಿ ಹಿಗ್ಗಿ ಚಕ್ರದ ಸುತ್ತಳತೆ ಬದಲಾಗುವುದರಿಂದ ಈ ಎರಡನೆಯ ಪರೀಕ್ಷೆ ಬೇಕು. ಸವಾರ ಹಿಡಿಯಬೇಕಾದದ್ದು ಓಟಗಾರನಿಗೆ ಸಾಧ್ಯವಿರುವ ಅತಿ ಹತ್ತಿರದ ದಾರಿ: ತಿರುವಿನಲ್ಲಿ ರಸ್ತೆಯಂಚಿನಿಂದ 30 ಸೆಂಟಿಮೀಟರ್ ಬಿಟ್ಟು, ಎಡದ ತಿರುವಿನಿಂದ ಬಲದ ತಿರುವಿಗೆ ಓರೆಯಾಗಿ. ಇಷ್ಟಾದ ಮೇಲೂ ಕಿಲೋಮೀಟರಿಗೆ ಒಂದು ಮೀಟರಿನಂತೆ ದೂರ ಸೇರಿಸುತ್ತಾರೆ. ಆದ್ದರಿಂದ ಪ್ರಮಾಣಪತ್ರ ಪಡೆದ ಮ್ಯಾರಥಾನ್ ದಾರಿ ಬೇಕೆಂದೇ ಸುಮಾರು 42 ಮೀಟರ್ ಉದ್ದ. ಅಳತೆಯಲ್ಲಿ ತಪ್ಪು ನುಸುಳಿದರೂ ರಸ್ತೆ ಗಿಡ್ಡವಾಗಬಾರದು ಎಂಬ ಜಾಣತನ ಇದು. ಸಂತೆಯಲ್ಲಿ ಅಳೆದ ಸೇರಿನ ಮೇಲೆ ವ್ಯಾಪಾರಿ ಒಂದು ಹಿಡಿ ಕೊಸರು ಹಾಕುವ ಹಾಗೆ.

ಈ ಚಕ್ರ ದೊಡ್ಡವರನ್ನೂ ಬಿಡಲಿಲ್ಲ. 1969ರಲ್ಲಿ ಆಸ್ಟ್ರೇಲಿಯಾದ ಡೆರೆಕ್ ಕ್ಲೇಟನ್ 2:08:33.6ರ ವಿಶ್ವಶ್ರೇಷ್ಠ ಕಾಲ ಓಡಿದ್ದು, ನೋಡಿ, ಮತ್ತೆ ಆಂಟ್ವರ್ಪ್‌ನಲ್ಲಿ. ಆ ದಾರಿಯ ಉದ್ದದ ಬಗ್ಗೆ ವಾದ ಇನ್ನೂ ಆರಿಲ್ಲ. 1981ರಲ್ಲಿ ಅಮೆರಿಕದ ಆಲ್ಬರ್ಟೊ ಸಲಝಾರ್ ನ್ಯೂಯಾರ್ಕಿನಲ್ಲಿ 2:08:13 ಓಡಿ ಅದನ್ನು ಮುರಿದರು ಎಂದು ಜಗತ್ತು ಸಂಭ್ರಮಿಸಿತು. ಮರು ಅಳತೆಯಲ್ಲಿ ದಾರಿ ಸುಮಾರು 150 ಮೀಟರ್ ಕಡಿಮೆ ಬಂತು. ಅದೇ ದಿನ ಮಹಿಳೆಯರಲ್ಲಿ ನ್ಯೂಜಿಲೆಂಡಿನ ಆಲಿಸನ್ ರೋ ಓಡಿದ ಕಾಲವೂ ಅದರ ಜೊತೆ ಹೋಯಿತು. ರಸ್ತೆ ಓಟದಲ್ಲಿ ‘ವಿಶ್ವದಾಖಲೆ’ ಎಂಬ ಅಧಿಕೃತ ಮಾನ್ಯತೆ 2004ರವರೆಗೆ ಇರಲೇ ಇಲ್ಲ, ಅಲ್ಲಿಯತನಕ ‘ಶ್ರೇಷ್ಠ ಕಾಲ’ ಮಾತ್ರ. ಮಾನ್ಯತೆಯ ಜೊತೆ ಷರತ್ತುಗಳೂ ಬಂದವು: ಆರಂಭ ಮತ್ತು ಮುಕ್ತಾಯದ ನಡುವಿನ ನೇರ ಅಂತರ ಓಟದ ಅರ್ಧ ದೂರವನ್ನು ಮೀರಬಾರದು, ದಾರಿ ಒಟ್ಟಾರೆ ಕಿಲೋಮೀಟರಿಗೆ ಒಂದು ಮೀಟರಿಗಿಂತ ಹೆಚ್ಚು ಇಳಿಯಬಾರದು. ಸುಮಾರು 140 ಮೀಟರ್ ಇಳಿಜಾರಿನ ಬಾಸ್ಟನ್‌ನಲ್ಲಿ 2011ರಲ್ಲಿ ಕೆನ್ಯಾದ ಜೆಫ್ರಿ ಮುಟಾಯಿ ಓಡಿದ 2:03:02 ಅಂದಿನವರೆಗೆ ಯಾರೂ ಓಡದ ವೇಗವಾದರೂ ದಾಖಲೆ ಪುಸ್ತಕಕ್ಕೆ ಸೇರಲಿಲ್ಲ.

ಅಲ್ಟ್ರಾ: ಅಳತೆಯ ಎರಡು ತುದಿ

ಮ್ಯಾರಥಾನ್‌ಗಿಂತ ಉದ್ದದ ಓಟಗಳ ಕಡೆ ನೋಡಿದರೆ ಕ್ರಮ ತಿರುವುಮುರುವು. ಅಲ್ಲಿ ನಿಖರ ಅಳತೆ ಮೊದಲೇ ಇತ್ತು. 1870ರ ದಶಕದ ಬ್ರಿಟನ್ ಮತ್ತು ಅಮೆರಿಕದಲ್ಲಿ ಆರು ದಿನಗಳ ನಡಿಗೆ ಓಟದ ಹುಚ್ಚು ಹಬ್ಬಿತ್ತು. ಭಾನುವಾರದ ವಿರಾಮಕ್ಕೆ ಮುನ್ನ ಮುಗಿಯಬೇಕು, ಅದಕ್ಕೇ ಆರು. ಪಣ, ಬಾಜಿ ಎಲ್ಲ ಸುತ್ತಿನ ಎಣಿಕೆಯ ಮೇಲೆ ನಿಂತಿದ್ದರಿಂದ ಒಳಾಂಗಣದ ಕಿರಿದಾದ ಪಥವನ್ನು ಎಚ್ಚರಿಕೆಯಿಂದ ಅಳೆಯುತ್ತಿದ್ದರು. 1878ರ ಮಾರ್ಚಿನಲ್ಲಿ ಲಂಡನ್ನಿನ ಅಗ್ರಿಕಲ್ಚರಲ್ ಹಾಲ್‌ನಲ್ಲಿ ಡೇನಿಯಲ್ ಓಲಿಯರಿ 520 ಮೈಲಿ ಕ್ರಮಿಸಿದ. 1888ರಲ್ಲಿ ಜಾರ್ಜ್ ಲಿಟಲ್‌ವುಡ್ ಮಾಡಿದ 623¾ ಮೈಲಿ 1984ರಲ್ಲಿ ಗ್ರೀಸಿನ ಯಾನಿಸ್ ಕೌರೊಸ್ ಮುರಿಯುವವರೆಗೆ 96 ವರ್ಷ ನಿಂತಿತು. ಆ ಸಂಖ್ಯೆಯನ್ನು ನಾವು ನಂಬುತ್ತೇವೆ. ಅದೇ ಕಾಲಕ್ಕಿಂತ ಈಚಿನ ಎಷ್ಟೋ ಮ್ಯಾರಥಾನ್ ಕಾಲಗಳನ್ನು ನಂಬುವುದಿಲ್ಲ.

ಇನ್ನೊಂದು ತುದಿಯಲ್ಲಿ ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಇದೆ. ಮೊದಲ ಮಹಾಯುದ್ಧದಲ್ಲಿ ಸತ್ತ ಸಂಗಾತಿಗಳ ನೆನಪಿಗೆ ವಿಕ್ ಕ್ಲಾಪಮ್ 1921ರ ಮೇ 24ರಂದು ಶುರುಮಾಡಿದ ಓಟ. ಮೊದಲ ವರ್ಷ ಹೊರಟವರು 34 ಮಂದಿ, ಗೆದ್ದವರು ಬಿಲ್ ರೋವನ್, 8 ಗಂಟೆ 59 ನಿಮಿಷ. ಪೀಟರ್‌ಮಾರಿಟ್ಸ್‌ಬರ್ಗ್ ಮತ್ತು ಡರ್ಬನ್ ನಡುವಿನ ಈ ದಾರಿಯ ಉದ್ದ ವರ್ಷದಿಂದ ವರ್ಷಕ್ಕೆ ಕಾಮಗಾರಿಗೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತದೆ, ಒಂದು ವರ್ಷ ಘಟ್ಟ ಹತ್ತುತ್ತದೆ, ಇನ್ನೊಂದು ವರ್ಷ ಇಳಿಯುತ್ತದೆ. ದಾಖಲೆಗಳನ್ನು ಏರುವುದಕ್ಕೆ ಬೇರೆ, ಇಳಿಯುವುದಕ್ಕೆ ಬೇರೆ ಇಟ್ಟಿದ್ದಾರೆ. ದೂರದಲ್ಲಿ ಇಷ್ಟು ಉದಾರವಾದ ಓಟ ಕಾಲದಲ್ಲಿ ನಿರ್ದಯಿ. ಹನ್ನೆರಡು ಗಂಟೆ ತುಂಬುವ ಕ್ಷಣ ಅಧಿಕಾರಿಯೊಬ್ಬರು ಮುಕ್ತಾಯದ ಗೆರೆಗೆ ಬೆನ್ನು ಹಾಕಿ ನಿಂತು, ಬರುತ್ತಿರುವವರ ಮುಖ ನೋಡದೆ, ಬಂದೂಕು ಹಾರಿಸುತ್ತಾರೆ. ಆ ಮೇಲೆ ಒಂದು ಸೆಕೆಂಡು ತಡವಾದರೂ ಪದಕವಿಲ್ಲ.

ಕಾಲವನ್ನು ಕಟ್ಟಿಹಾಕಿ ದೂರವನ್ನು ಬಿಟ್ಟ ಓಟಗಳಿಗೂ ಇಂದು ಅಂತರರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಿವೆ. 2022ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾ ಮತ್ತು ಓಷಿಯಾನಿಯಾದ 24 ಗಂಟೆ ಓಟ ನಡೆದಾಗ ಭಾರತದ ಅಮರ್ ಸಿಂಗ್ ದೇವಂದಾ 257 ಕಿಲೋಮೀಟರಿಗೂ ಹೆಚ್ಚು ಓಡಿ ಗೆದ್ದರು. 400 ಮೀಟರಿನ ಪಥದಲ್ಲಿ ಅದು 640 ಸುತ್ತಿಗಿಂತ ಹೆಚ್ಚು. ಇಂಥ ಓಟದಲ್ಲಿ ಪೂರ್ಣ ಸುತ್ತುಗಳನ್ನು ಓಟಗಾರನ ಚಿಪ್ ಎಣಿಸುತ್ತದೆ. ಕೊನೆಯ ಅಪೂರ್ಣ ಸುತ್ತಿಗೆ ಮಾತ್ರ ಯಂತ್ರ ಸಾಲದು: ಮುಕ್ತಾಯದ ಸದ್ದಾದಾಗ ಪ್ರತಿಯೊಬ್ಬನೂ ತಾನಿದ್ದಲ್ಲಿ ತನ್ನ ಸಂಖ್ಯೆಯ ಗುರುತನ್ನು ನೆಲಕ್ಕಿಡುತ್ತಾನೆ, ಅಳತೆಯವರು ಒಂದೊಂದನ್ನೂ ನಡೆದುಕೊಂಡೇ ಹೋಗಿ ಅಳೆದು ಮೊತ್ತಕ್ಕೆ ಸೇರಿಸುತ್ತಾರೆ.