ವೈದ್ಯನ ಲೆಕ್ಕ, ಕವಿಯ ಕಚೇರಿ

ಡಂಕನ್ ಕ್ಯಾಂಪ್‌ಬೆಲ್ ಸ್ಕಾಟ್ ಎಂಬ ಹೆಸರನ್ನು ನಾನು ಮೊದಲು ಕಂಡದ್ದು ಕೆನಡಾ ದೇಶದ ಕವಿತೆಗಳ ಸಂಕಲನವೊಂದರಲ್ಲಿ. ಕಾಡು, ಸರೋವರ, ಅಲ್ಲಿನ ಮೂಲನಿವಾಸಿಗಳ ಬಾಳು ಇವನ್ನು ಕುರಿತು ಹದವರಿತು ಬರೆದ ಕವಿ. ಈತನೇ 1913ರಿಂದ 1932ರವರೆಗೆ ಒಟ್ಟಾವಾದಲ್ಲಿ ಇಂಡಿಯನ್ ವ್ಯವಹಾರಗಳ ಇಲಾಖೆಯನ್ನು ನಡೆಸಿದ ಅಧಿಕಾರಿಯೆಂಬುದು ತಿಳಿದದ್ದು ಬಹುಕಾಲದ ಮೇಲೆ, ಪೀಟರ್ ಬ್ರೈಸ್ ಎಂಬ ವೈದ್ಯನ ವೃತ್ತಾಂತವನ್ನು ಓದುವಾಗ. ಇಲ್ಲಿ ಇಂಡಿಯನ್ ಎಂದರೆ ನಾವಲ್ಲ. ಕೊಲಂಬಸನ ತಪ್ಪಿನಿಂದ ಆ ಜನಕ್ಕೆ ಅಂಟಿಕೊಂಡ ಹೆಸರು ಅದು.

ಬ್ರೈಸ್ 1904ರಲ್ಲಿ ಆ ಇಲಾಖೆಯ ಮುಖ್ಯ ವೈದ್ಯಾಧಿಕಾರಿಯಾದ. ಅದಕ್ಕೆ ಮೊದಲು ಒಂಟೇರಿಯೊ ಪ್ರಾಂತದ ಆರೋಗ್ಯ ಮಂಡಲಿಯ ಕಾರ್ಯದರ್ಶಿಯಾಗಿ ಅಂಕಿ ಅಂಶಗಳಲ್ಲಿ ಪಳಗಿದ್ದವನು. 1907ರಲ್ಲಿ ಪಶ್ಚಿಮದ ಬಯಲುನಾಡಿನ 35 ಶಾಲೆಗಳನ್ನು ಆತ ನೋಡಿಬಂದ. ಮೂಲನಿವಾಸಿ ಮಕ್ಕಳನ್ನು ತಾಯಿತಂದೆಯರಿಂದ ಅಗಲಿಸಿ ಇರಿಸಿಕೊಳ್ಳುತ್ತಿದ್ದ ವಸತಿಶಾಲೆಗಳು. ನಡೆಸುವುದು ಚರ್ಚು, ಹಣ ಸರ್ಕಾರದ್ದು. ಆ ಹಣವೂ ತಲೆಯೆಣಿಕೆಯ ಮೇಲೆ ಬರುತ್ತಿದ್ದುದರಿಂದ ಕ್ಷಯ ತಗುಲಿದ ಮಗುವನ್ನು ಬೇಡವೆನ್ನಲು ಶಾಲೆಗೆ ಮನಸ್ಸು ಬಾರದು. ಚಳಿಗೆಂದು ಬಿಗಿದು ಮುಚ್ಚಿದ ಕಿಟಕಿ, ಒತ್ತೊತ್ತಾಗಿ ಹಾಕಿದ ಮಂಚಗಳು, ಗಾಳಿಯಾಡದ ಕೋಣೆ.

ಬ್ರೈಸ್ ಒಂದು ಪ್ರಶ್ನಾವಳಿಯನ್ನು ಕಳುಹಿಸಿದ: ನಿಮ್ಮಲ್ಲಿ ಸೇರಿದ ಮಕ್ಕಳು ಏನಾದರು? ಉತ್ತರ ಬಂದದ್ದು 15 ಶಾಲೆಗಳಿಂದ. 1,537 ಮಕ್ಕಳಲ್ಲಿ ಹೆಚ್ಚುಕಡಿಮೆ ನಾಲ್ಕಕ್ಕೆ ಒಬ್ಬರು ತೀರಿಕೊಂಡಿದ್ದರು. ಕರಾರುವಾಕ್ಕಾಗಿ ಲೆಕ್ಕವಿಟ್ಟಿದ್ದ ಒಂದು ಶಾಲೆಯಲ್ಲಿ, ಓದಿ ಹೊರಬಂದವರ ಪೈಕಿ ನೂರಕ್ಕೆ 69 ಮಂದಿ ಬದುಕಿರಲಿಲ್ಲ. ಹಲವು ವರ್ಷ ಹಾಜರಿ ಪುಸ್ತಕ ಹಿಡಿದು ಹೆಸರು ಕೂಗಿದವನು ನಾನು; ಆ ಸಂಖ್ಯೆಯ ಮುಂದಿನ ಸಾಲಿಗೆ ಹೋಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಪತ್ರಿಕೆಗಳು ಅದೇ ವರ್ಷ ಸುದ್ದಿಯನ್ನು ಅಚ್ಚುಮಾಡಿದವು. ಇಲಾಖೆ ಕದಲಲಿಲ್ಲ. ಸ್ಕಾಟ್ ಬಂದ ಮೇಲಂತೂ ಬ್ರೈಸನ ವಾರ್ಷಿಕ ವೈದ್ಯಕೀಯ ವರದಿಯೇ ನಿಂತುಹೋಯಿತು. 1920ರಲ್ಲಿ ಆ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವುದನ್ನು ಕಡ್ಡಾಯಮಾಡಲು ಕಾನೂನನ್ನೇ ತಿದ್ದಿದರು. 1921ರಲ್ಲಿ ನಿವೃತ್ತನಾದ ಬ್ರೈಸ್ ಮರುವರ್ಷ ‘ಒಂದು ರಾಷ್ಟ್ರೀಯ ಅಪರಾಧದ ಕಥೆ’ ಎಂಬರ್ಥದ ಹೆಸರಿಟ್ಟು ಕಿರುಹೊತ್ತಗೆಯೊಂದನ್ನು ಹೊರತಂದ.

ಬ್ರೈಸ್ ದಿಟ್ಟನೆಂಬುದರಲ್ಲಿ ಸಂದೇಹವಿಲ್ಲ. ಆದರೂ ಆತ ಪ್ರಶ್ನೆ ಕೇಳಿದ್ದು ಶಾಲೆಯ ಮುಖ್ಯಸ್ಥರನ್ನು, ಮಕ್ಕಳನ್ನು ಕಳೆದುಕೊಂಡವರನ್ನಲ್ಲ. ಲೆಕ್ಕ ಇಲಾಖೆಯದಾಗಿತ್ತು, ಆದ್ದರಿಂದಲೇ ಇಲಾಖೆ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬಹುದಾಗಿತ್ತು. ಈ ಗಂಟನ್ನು ಬಿಚ್ಚಹೊರಟವರು ಮೂಲನಿವಾಸಿಗಳೇ. 1998ರಲ್ಲಿ, ತಮ್ಮದೇ ಆರೋಗ್ಯ ಸಮೀಕ್ಷೆಯ ಸಂದರ್ಭದಲ್ಲಿ, ಅವರು ಒಂದು ಸೂತ್ರವನ್ನು ಮುಂದಿಟ್ಟರು. ಒಡೆತನ, ಹತೋಟಿ, ಪ್ರವೇಶದ ಹಕ್ಕು, ಬಳಿಯಲ್ಲಿಟ್ಟುಕೊಳ್ಳುವ ಹಕ್ಕು ಎಂಬ ಈ ನಾಲ್ಕಕ್ಕೆ ಅಲ್ಲಿ ಓಕ್ಯಾಪ್ ಎನ್ನುತ್ತಾರೆ. ಅದರಂತೆ, ಅವರ ನಡುವೆ ಆರೋಗ್ಯ ಸಂಶೋಧನೆಗೋ ಮೌಲ್ಯಮಾಪನಕ್ಕೋ ಹೋಗುವ ಸಲಹೆಗಾರನು ಮೊದಲು ಸಮುದಾಯದ ಅನುಮತಿ ಪಡೆಯಬೇಕು. ಅಂಕಿಗಳು ಯಾರ ಮೈಯಿಂದ ಬಂದವೋ ಅವರ ಕೈಯಲ್ಲೇ ಉಳಿಯಬೇಕು. ಕಾಗದದ ಮೇಲಿನ ಮಾತು ಎಲ್ಲೆಡೆಯೂ ನಡೆಯುತ್ತದೆಯೆ ಎಂದು ನೀವು ಕೇಳಬಹುದು. ನಡೆಯದ ಕಡೆ ಪ್ರಶ್ನಿಸಲು ಅವರಿಗೆ ಈಗ ಒಂದು ಆಧಾರವಿದೆ. 1907ರಲ್ಲಿ ಅದೂ ಇರಲಿಲ್ಲ.

ಬ್ರೈಸ್ 1932ರಲ್ಲಿ ತೀರಿಕೊಂಡ, ಸ್ಕಾಟ್ 1947ರಲ್ಲಿ. ಇಬ್ಬರ ಸಮಾಧಿಯೂ ಒಟ್ಟಾವಾದ ಬೀಚ್‌ವುಡ್ ಸ್ಮಶಾನದಲ್ಲಿದೆ. 2015ರಲ್ಲಿ ಅಲ್ಲಿ ಬ್ರೈಸನ ಕೆಲಸವನ್ನು ನೆನೆಯುವ ಫಲಕವೊಂದನ್ನು ನೆಟ್ಟರು. ಅದೇ ವರ್ಷ ಸ್ಕಾಟನ ಫಲಕದಲ್ಲಿ ಕವಿಯೆಂಬ ಮಾತಿನ ಜೊತೆಗೆ ವಸತಿಶಾಲೆಗಳ ವಿಷಯವನ್ನೂ ಬರೆಸಿದರು.